ಕಡೆದದ್ದಕ್ಕೆ ಕಡಲೋ, ಕಡೆಗಿರುವುದಕ್ಕೆ ಕಡಲೋ? ತೀರ್ಪು ಬೇಕಾಗಿದೆ

ಉಣಕಲ್ ದಂಡೆ · ಭಾನುವಾರ, ರಾತ್ರಿ 9.10

ಮನೆಯಲ್ಲಿ ಎರಡು ದಿನದಿಂದ ಒಂದು ಜಗಳ ನಡೆದಿದೆ. ಇಲ್ಲಿ ಬಲ್ಲವರಿದ್ದೀರಿ, ನೀವೇ ಬಗೆಹರಿಸಬೇಕು.

ಶುಕ್ರವಾರ ಮಗಳನ್ನು ಮೊದಲ ಸಲ ಗೋಕರ್ಣಕ್ಕೆ ಕರೆದುಕೊಂಡು ಹೋಗಿದ್ದೆವು. ಮೂರನೆಯ ತರಗತಿಯ ಹುಡುಗಿ. ಮೊಣಕಾಲಿನವರೆಗೆ ತೆರೆ ಬಂದು ಹೋದ ಮೇಲೆ ತಿರುಗಿ ನಿಂತು ಕೇಳಿದಳು: "ಅಪ್ಪಾ, ಇದು ಸಮುದ್ರವೋ, ಸಾಗರವೋ, ಕಡಲೋ?" ಮೂರೂ ಒಂದೇ ಎಂದೆ. "ಒಂದೇ ಆದರೆ ಮೂರು ಹೆಸರು ಯಾಕೆ?" ಉತ್ತರ ಇರಲಿಲ್ಲ. ಐಸ್‌ಕ್ರೀಮ್ ಕೊಡಿಸಿ ಪಾರಾದೆ.

ವಾಪಸು ಬರುವಾಗ ಅರಬೈಲು ಘಟ್ಟದಲ್ಲಿ ಹಿಂದಿನ ಸೀಟಿನಲ್ಲಿದ್ದ ನಮ್ಮ ಭಾವ ಆ ಪ್ರಶ್ನೆಯನ್ನು ಎತ್ತಿಕೊಂಡರು. ಗದಗಿನವರು. "ಗೊತ್ತಿಲ್ಲ" ಎಂಬ ಮಾತನ್ನು ಅವರ ಬಾಯಿಂದ ನಾನಿನ್ನೂ ಕೇಳಿಲ್ಲ. ಅವರ ವಾದ ಹೀಗೆ: ದೇವತೆಗಳೂ ದಾನವರೂ ಮಂದರ ಪರ್ವತವನ್ನು ನಿಲ್ಲಿಸಿ ಕಡೆದರು, ಕಡೆದದ್ದರಿಂದ ಕಡಲು, ಮಜ್ಜಿಗೆಯ ಕಡಗೋಲಿನಲ್ಲಿರುವುದೂ ಅದೇ 'ಕಡೆ'. ನನ್ನ ವಾದ: ಕಡೆ ಎಂದರೆ ಕೊನೆ. ನೆಲ ಎಲ್ಲಿ ಮುಗಿಯುತ್ತದೋ ಅಲ್ಲಿ ಇರುವುದು ಕಡಲು. ಯಲ್ಲಾಪುರ ದಾಟಿದರೂ ಇಬ್ಬರೂ ಬಗ್ಗಲಿಲ್ಲ. ಸೋತವರು ದುರ್ಗದ ಬೈಲಿನಲ್ಲಿ ಎಲ್ಲರಿಗೂ ಗಿರ್ಮಿಟ್ ಮತ್ತು ಮಿರ್ಚಿ ಕೊಡಿಸಬೇಕೆಂದು ಶರ್ತು ಕಟ್ಟಿದ್ದೇವೆ.

ಇನ್ನೊಂದು. ನಮ್ಮ ಅಜ್ಜಿ ಲಕ್ಷ್ಮೇಶ್ವರದ ಕಡೆಯವಳು. ಎಂಬತ್ತು ವರ್ಷ ಬದುಕಿ ಒಮ್ಮೆಯೂ ಕಡಲು ನೋಡದೆ ಹೋದಳು. ಆದರೂ ಸಾರಿಗೆ ನೀರು ಹೆಚ್ಚಾದರೆ "ಸಮುದ್ರ ಮಾಡಿಟ್ಟಿದ್ದಾಳೆ, ಬೇಳೆ ಹುಡುಕಲು ದೋಣಿ ತನ್ನಿ" ಎನ್ನುತ್ತಿದ್ದಳು. ನೋಡದ ನೀರಿಗೆ ನಮ್ಮ ಬಯಲುಸೀಮೆಯವರ ಬಾಯಲ್ಲಿ ಇಷ್ಟೊಂದು ಹೆಸರು ಹೇಗೆ ಬಂದವು?

ಮಿರ್ಚಿ ಭಜಿ · ರಾತ್ರಿ 9.14

ತೀರ್ಪು ಏನೇ ಬರಲಿ, ಸಾಕ್ಷಿ ಹೇಳಿದವರಿಗೂ ಒಂದೊಂದು ಪ್ಲೇಟ್ ಇರಲಿ.

ನಿವೃತ್ತ ಮಾಸ್ತರ, ಧಾರವಾಡ · ರಾತ್ರಿ 9.52

ಇಬ್ಬರೂ ಗಿರ್ಮಿಟ್‌ಗೆ ದುಡ್ಡು ತೆಗೆದಿಡುವುದು ಒಳ್ಳೆಯದು.

ಕಡಲು ಕನ್ನಡದ ಒಂಟಿ ಮಾತಲ್ಲ. ತಮಿಳಿನಲ್ಲೂ ಮಲಯಾಳದಲ್ಲೂ ಕಡಲ್, ತುಳುವಿನಲ್ಲಿ ಕಡಲ್, ತೆಲುಗಿನಲ್ಲಿ ಕಡಲಿ. ಈ ಭಾಷೆಗಳು ಬೇರೆಬೇರೆ ಆಗುವ ಮೊದಲೇ ಈ ಮಾತು ಇತ್ತು ಎಂದು ಇದರ ಅರ್ಥ. ಸಮುದ್ರಮಥನದ ಕಥೆ ಕೇಳಿದ ಮೇಲೆ ನಮ್ಮವರು ಕಡಲಿಗೆ ಹೆಸರಿಟ್ಟರು ಎಂದರೆ, ಅಲ್ಲಿಯವರೆಗೆ ಮೀನುಗಾರರು ಅದನ್ನು ಏನೆಂದು ಕರೆಯುತ್ತಿದ್ದರು? ಆದ್ದರಿಂದ ಭಾವನವರ ಕಥೆ ಬಿತ್ತು. ಆದರೆ ಅವರ ಧಾತು ಪೂರ್ತಿ ಬಿದ್ದಿಲ್ಲ ಎಂಬುದನ್ನೂ ಹೇಳಬೇಕು. ತಮಿಳಿನಲ್ಲಿ ಕಡೈ ಎಂದರೆ ಕಡೆಯುವುದೂ ಹೌದು, ಕೊನೆಯೂ ಹೌದು. ಧ್ವನಿಯ ಲೆಕ್ಕದಲ್ಲಿ ನೀವಿಬ್ಬರೂ ಸಮಸಮ.

ನನ್ನ ಒಲವು ಮೂರನೆಯದರ ಕಡೆಗೆ. ತಮಿಳಿನಲ್ಲಿ ಕಡ ಎಂದರೆ ದಾಟು. ನಮ್ಮಲ್ಲೂ ಕಡವು ಎಂಬ ಮಾತಿದೆ: ಹೊಳೆ ದಾಟುವ ಜಾಗ, ದೋಣಿ ಹಚ್ಚುವ ಜಾಗ. ಕರಾವಳಿಯವರಿಗೆ ಇದು ಇಂದಿಗೂ ಗೊತ್ತು. ದಾಟಬೇಕಾದ ನೀರು ಕಡಲು. ಇದು ವಿಚಿತ್ರವೇನೂ ಅಲ್ಲ. ಗ್ರೀಕರು ಸಮುದ್ರವನ್ನು ಪೊಂಟೋಸ್ ಎನ್ನುತ್ತಿದ್ದರು. ಅದು ಸಂಸ್ಕೃತದ ಪಂಥಾ, ಪಥಗಳ ಬಳಗದ ಮಾತು. ಲ್ಯಾಟಿನ್ನಿನಲ್ಲಿ ಸೇತುವೆಗೆ ಪೋನ್ಸ್ ಎನ್ನುವುದೂ ಅದೇ ಮನೆತನ. ದಡದಲ್ಲಿ ನಿಂತು ನೋಡಿದವನಿಗೆ ಅದು ಕೊನೆ, ದೋಣಿ ಇದ್ದವನಿಗೆ ದಾರಿ.

ಇದೇ ಖಚಿತ ಎಂದು ಪ್ರಮಾಣ ಮಾಡುವವನಲ್ಲ ನಾನು. ಮಾಡುವವರು ಸಿಕ್ಕರೆ ನಂಬಬೇಡಿ.

ವೀರನಾರಾಯಣ ಗುಡಿ ಓಣಿ · ರಾತ್ರಿ 10.05

ಆ ಭಾವ ನಾನೇ. ತಮ್ಮಾ, ಮನೆಯ ಮಾತನ್ನು ಊರಿಗೆಲ್ಲ ಹರಡುವ ಮೊದಲು ಒಂದು ಮಾತು ಹೇಳಬಾರದಿತ್ತೇ?

ಮಾಸ್ತರರೇ, ನಮಸ್ಕಾರ. ಕಥೆ ಬಿತ್ತು ಎಂದಿರಿ, ಒಪ್ಪಿದೆ. ಆದರೆ ತೆರೆಗಳನ್ನು ಕಣ್ಣಾರೆ ನೋಡಿದವನಿಗೆ ಕಥೆ ಯಾಕೆ ಬೇಕು? ಹಿಂದಕ್ಕೆ ಎಳೆಯುತ್ತದೆ, ಮುಂದಕ್ಕೆ ದೂಡುತ್ತದೆ, ಮೇಲೆ ನೊರೆ ನಿಲ್ಲುತ್ತದೆ. ನಮ್ಮ ಅವ್ವ ಬೆಳಗಿನ ಜಾವ ಕಂಬಕ್ಕೆ ಹಗ್ಗ ಕಟ್ಟಿ ಮೊಸರು ಕಡೆಯುವಾಗ ಗಡಿಗೆಯೊಳಗೆ ಕಾಣುತ್ತಿದ್ದುದೂ ಅದೇ. ಕಥೆಯಿಂದ ಮಾತು ಹುಟ್ಟಲಿಲ್ಲ, ಕಡಲನ್ನು ನೋಡಿ ಮಾತೂ ಕಥೆಯೂ ಎರಡೂ ಹುಟ್ಟಿದವು ಎನ್ನುತ್ತೇನೆ. ಈಗ ಹೇಳಿ.

ನಿವೃತ್ತ ಮಾಸ್ತರ, ಧಾರವಾಡ · ರಾತ್ರಿ 10.11

ಗದಗಿನವರನ್ನು ಮಾತಿನಲ್ಲಿ ಕಟ್ಟಿಹಾಕುವುದು ಕಷ್ಟ ಎಂದು ಮೊದಲೇ ಗೊತ್ತಿತ್ತು. ವಾದ ಚೆನ್ನಾಗಿದೆ. ಪುರಾವೆ ಅಲ್ಲ.

ಕಾರವಾರದ ಮಗಳು, ಹುಬ್ಬಳ್ಳಿಯ ಸೊಸೆ · ರಾತ್ರಿ 10.20

ನೀವೆಲ್ಲ ಕಡಲು ಕಡಲು ಎನ್ನುವುದನ್ನು ಓದಿ ನಗು ಬರುತ್ತಿದೆ. ಕಡಲಿನ ಪಕ್ಕದಲ್ಲೇ ಹುಟ್ಟಿದವಳು ನಾನು. ಮನೆಯಲ್ಲಿ ಕೊಂಕಣಿ, ನಮಗೆ ಅದು ದರ್ಯಾ. ಶಾಲೆಯಲ್ಲಿ ಸಮುದ್ರ. ಕಡಲು ಎಂಬುದು ಪದ್ಯದಲ್ಲಿ ಮಾತ್ರ ಬರುತ್ತಿತ್ತು, ಕಂಠಪಾಠ ಮಾಡಲು.

ಮದುವೆಯಾಗಿ ಹುಬ್ಬಳ್ಳಿಗೆ ಬಂದ ಮೊದಲ ವರ್ಷ ನನಗೆ ವಿಚಿತ್ರ ಎನಿಸಿದ್ದು ಕಿಟಕಿಯ ಕೊಂಡಿ. ತವರಿನಲ್ಲಿ ಕೊಂಡಿಗಳು ಉಪ್ಪುಗಾಳಿಗೆ ತುಕ್ಕು ಹಿಡಿದು, ಹಪ್ಪಳದ ಹಾಗೆ ಪದರು ಪದರಾಗಿ ಎದ್ದು, ಒಂದು ದಿನ ಕೈಯಲ್ಲೇ ಬರುತ್ತಿದ್ದವು. ಇಲ್ಲಿ ಅತ್ತೆಯ ಮನೆಯಲ್ಲಿ ಮಾವನವರ ಕಾಲದ ಕೊಂಡಿ ಇನ್ನೂ ಕಪ್ಪಗೆ ಹೊಳೆಯುತ್ತಿದೆ. ನಿಮಗೆ ಸಮುದ್ರ ಎಂದರೆ ನೋಡುವುದು. ನಮಗೆ ಅದು ಮನೆಯೊಳಗೇ ಇರುವುದು.

ಹಳೇ ಹುಬ್ಬಳ್ಳಿ · ರಾತ್ರಿ 10.31

ಅಕ್ಕಾ, ಒಂದು ತಕರಾರು. ನಮ್ಮ ಮನೆಯಲ್ಲಿ ಉರ್ದು. ದರಿಯಾ ಎಂದರೆ ನದಿ. ಸಮುದ್ರಕ್ಕೆ ಸಮಂದರ್ ಎನ್ನುತ್ತೇವೆ. ಮಧ್ಯ ಏಷ್ಯಾದ ಆಮು ದರಿಯಾ, ಸಿರ್ ದರಿಯಾ ಎರಡೂ ನದಿಗಳೇ. ನೀವು ನದಿಯನ್ನು ಸಮುದ್ರ ಮಾಡಿಬಿಟ್ಟಿರಿ.

ಕಾರವಾರದ ಮಗಳು, ಹುಬ್ಬಳ್ಳಿಯ ಸೊಸೆ · ರಾತ್ರಿ 10.34

ತಮ್ಮಾ, ಕಾಳಿ ನದಿ ನಮ್ಮೂರಿನಲ್ಲೇ ಸಮುದ್ರ ಸೇರುತ್ತದೆ. ನದಿ ಯಾವುದು, ದರ್ಯಾ ಯಾವುದು ಎಂದು ನನಗೆ ಕಲಿಸಬೇಡ. ಮರಾಠಿಯವರನ್ನು ಕೇಳು, ಅವರಿಗೂ ದರ್ಯಾ ಎಂದರೆ ಸಮುದ್ರವೇ.

ನಿವೃತ್ತ ಮಾಸ್ತರ, ಧಾರವಾಡ · ರಾತ್ರಿ 10.48

ಇಬ್ಬರೂ ಸರಿ, ಜಗಳ ಬೇಡ. ಪಾರಸಿಯ ಮಾತು ಅದು. ಹಳೆಯ ಪಾರಸಿಯಲ್ಲಿ ಸಮುದ್ರ ಎಂಬ ಅರ್ಥವೇ ಇತ್ತು. ಆಮೇಲೆ ದೊಡ್ಡ ನದಿಗೂ ಹತ್ತಿಕೊಂಡಿತು. ಉತ್ತರದ ಒಣನೆಲದವರ ಬಾಯಲ್ಲಿ ನದಿ ಉಳಿಯಿತು, ಕೊಂಕಣ ಕಿನಾರೆಯಲ್ಲಿ ಸಮುದ್ರ ಉಳಿಯಿತು. ಯಾರ ಕಣ್ಣೆದುರು ಯಾವ ದೊಡ್ಡ ನೀರು ಇತ್ತೋ ಅದಕ್ಕೆ ಹೆಸರು ಅಂಟಿಕೊಂಡಿತು.

ಸಂಸ್ಕೃತದ ಸಿಂಧು ಕೂಡ ಹಾಗೆಯೇ: ನದಿ, ಒಂದು ನಿರ್ದಿಷ್ಟ ನದಿ, ಸಮುದ್ರ. ಮೂರೂ ಅರ್ಥ ಇವೆ.

ಹಳೇ ಹುಬ್ಬಳ್ಳಿ · ರಾತ್ರಿ 10.55

ಅಕ್ಕಾ, ಕ್ಷಮಿಸಿ. ಅರಬಿಯಲ್ಲೂ ಇದೇ ಕಥೆ ಎಂದು ಈಗ ನೆನಪಾಯಿತು. ಬಹರ್ ಎಂದರೆ ಸಮುದ್ರ, ಆದರೆ ಸುಡಾನಿನ ಕಡೆ ನೈಲ್ ನದಿಯ ಕವಲುಗಳಿಗೂ ಬಹರ್ ಎಂದೇ ಹೆಸರು. ಗಜಲಿನ ಛಂದಸ್ಸಿಗೂ ಬಹರ್ ಎನ್ನುತ್ತಾರೆ. ನಮ್ಮ ಅಜ್ಜ ಶೇರ್ ಬರೆಯುತ್ತಿದ್ದರು. ಸಾಲು ಕುಂಟಿದರೆ ಬಹರಿನಿಂದ ಹೊರಗೆ ಬಿದ್ದಿದೆ ಎನ್ನುತ್ತಿದ್ದರು. ಮೀನು ದಡಕ್ಕೆ ಬಿದ್ದ ಹಾಗೆ ಎಂದು ನಾನು ಚಿಕ್ಕವನಿದ್ದಾಗ ತಿಳಿದುಕೊಂಡಿದ್ದೆ.

ಮನಾಮಾದಿಂದ ಹಾವೇರಿಯವ · ರಾತ್ರಿ 11.02

ಬಹರ್ ಎಂದಿರಿ, ನಾನು ಇರುವುದೇ ಬಹರೈನಿನಲ್ಲಿ. ಹೆಸರಿನ ಅರ್ಥ ಎರಡು ಸಮುದ್ರ. ಒಂದು ಸುತ್ತಲಿನ ಉಪ್ಪು ನೀರು, ಇನ್ನೊಂದು ಸಮುದ್ರದ ತಳದಿಂದಲೇ ಚಿಮ್ಮುವ ಸಿಹಿ ನೀರಿನ ಬುಗ್ಗೆಗಳು ಎಂದು ಇಲ್ಲಿಯವರು ಹೇಳುತ್ತಾರೆ. ಹನ್ನೊಂದು ವರ್ಷದಿಂದ ಎರಡು ಸಮುದ್ರದ ನಡುವೆ ಇದ್ದೇನೆ, ವರದಾ ನದಿಯ ನೀರಿನ ರುಚಿ ಇನ್ನೂ ಮರೆತಿಲ್ಲ.

ಸನಾತನ ಸತ್ಯ · ಸೋಮವಾರ, ಬೆಳಿಗ್ಗೆ 6.15

ಇಷ್ಟೆಲ್ಲ ಚರ್ಚೆ ಯಾಕೆ? ಎಲ್ಲಕ್ಕೂ ಮೂಲ ಸಂಸ್ಕೃತ. ಇಂಗ್ಲಿಷಿನ ಸೀ ಬಂದದ್ದೇ ಸಿಂಧುವಿನಿಂದ. ನಮ್ಮ ಗುಂಪಿನಲ್ಲಿ ನಿನ್ನೆಯೇ ಬಂದಿತ್ತು. ಹೆಚ್ಚು ಜನರಿಗೆ ಕಳುಹಿಸಿ.

ನಿವೃತ್ತ ಮಾಸ್ತರ, ಧಾರವಾಡ · ಬೆಳಿಗ್ಗೆ 7.30

ವಾಕಿಂಗ್ ಮುಗಿಸಿ ಬರುವಷ್ಟರಲ್ಲಿ ಇದೊಂದು ಬಂದು ಬಿದ್ದಿದೆ.

ಸೀ ಎಂಬುದಕ್ಕೆ ಜರ್ಮನ್, ಡಚ್, ಸ್ವೀಡಿಷ್ ಭಾಷೆಗಳಲ್ಲಿ ದಾಯಾದಿಗಳಿದ್ದಾರೆ. ಅದರ ಆಚೆಗೆ ಜಾಡು ಮಸುಕಾಗುತ್ತದೆ. ಸಿಂಧುವಿಗೂ ಅದಕ್ಕೂ ನಂಟು ಹಚ್ಚಲು ಆಧಾರ ಇಲ್ಲ. ಸಿಂಧುವಿನಿಂದ ನಿಜವಾಗಿ ಹೊರಟ ಮಾತು ಬೇರೆ: ಪಾರಸಿಯವರ ಬಾಯಲ್ಲಿ ಹಿಂದು, ಗ್ರೀಕರ ಬಾಯಲ್ಲಿ ಇಂಡೋಸ್, ಕೊನೆಗೆ ಇಂಡಿಯಾ. ಅದು ಸಾಲದೇ?

ಸಂಸ್ಕೃತಕ್ಕೆ ನಂಟರೇ ಬೇಕೆಂದರೆ ಸಮುದ್ರವನ್ನು ಹಿಡಿಯಿರಿ. ಸಂ ಎಂದರೆ ಒಟ್ಟಿಗೆ, ಉದ್ ಎಂದರೆ ನೀರಿನ ಸಂಬಂಧ. ನೀರೆಲ್ಲ ಕೂಡಿದ ಜಾಗ ಸಮುದ್ರ. ಗಂಗೋದಕದಲ್ಲಿರುವ ಉದಕವೂ ಇದೇ. ಗ್ರೀಕಿನ ಹುಡೋರ್, ಇಂಗ್ಲಿಷಿನ ವಾಟರ್, ರಷ್ಯನ್ನಿನ ವೋದಾ ಎಲ್ಲ ಒಂದೇ ಬೇರಿನವು. ವೋದಾಕ್ಕೆ ಮುದ್ದಿನ ಪ್ರತ್ಯಯ ಹಚ್ಚಿದರೆ ವೋಡ್ಕಾ.

ಮಿರ್ಚಿ ಭಜಿ · ಬೆಳಿಗ್ಗೆ 7.33

ಮಾಸ್ತರರು ಬೆಳಿಗ್ಗೆ ಏಳೂವರೆಗೆ ಗಂಗೋದಕವನ್ನೂ ವೋಡ್ಕಾವನ್ನೂ ಒಂದೇ ಲೋಟಕ್ಕೆ ಸುರಿದರು.

ಸನಾತನ ಸತ್ಯ · ಬೆಳಿಗ್ಗೆ 7.50

ಎಲ್ಲ ಒಂದೇ ಬೇರಿನವು ಎಂದರೆ ನಾನು ಹೇಳಿದ್ದೂ ಅದೇ ಆಯಿತಲ್ಲ.

ನಿವೃತ್ತ ಮಾಸ್ತರ, ಧಾರವಾಡ · ಬೆಳಿಗ್ಗೆ 7.58

ಅಣ್ಣತಮ್ಮಂದಿರು ಎಂದೆ, ನೀವು ಅಪ್ಪಮಕ್ಕಳು ಮಾಡಿದಿರಿ. ಕಡಲು ಆ ಮನೆಗೆ ಸೇರಿದ್ದೇ ಅಲ್ಲ. ನೀರು ಎಂಬ ನಮ್ಮ ಮಾತನ್ನು ಸಂಸ್ಕೃತವೇ ಇತ್ತ ಕಡೆಯಿಂದ ಪಡೆದು ನೀರ ಎಂದು ಮಾಡಿಕೊಂಡಿತು ಎಂದು ಬಹಳ ವಿದ್ವಾಂಸರು ಒಪ್ಪುತ್ತಾರೆ. ಸಾಲ ಎರಡೂ ಕಡೆ ಇದೆ.

ವೀರನಾರಾಯಣ ಗುಡಿ ಓಣಿ · ಬೆಳಿಗ್ಗೆ 8.20

ನೀರು ಎಂದ ಕೂಡಲೇ ನೆನಪಾಯಿತು. ಸಂಸ್ಕೃತದವರು ಕಡಲಿನ ಹೆಸರಿಗೆ ಕಾರ್ಖಾನೆಯನ್ನೇ ಇಟ್ಟಿದ್ದರು. ನೀರಿಗೆ ಯಾವ ಹೆಸರಿದ್ದರೂ ಹಿಂದೆ ಒಂದು 'ಧಿ' ಹಚ್ಚಿದರೆ ಮುಗಿಯಿತು: ಜಲಧಿ, ವಾರಿಧಿ, ಪಯೋಧಿ, ಉದಧಿ, ನೀರಧಿ, ಅಂಬುಧಿ, ಶರಧಿ. ಷಟ್ಪದಿ ಬರೆಯುವವರಿಗೆ ಪ್ರಾಸದ ಕೊರತೆಯೇ ಇಲ್ಲ.

ಅದರಲ್ಲಿ ಒಂದು ಮಜಾ ಇದೆ ನೋಡಿ. ಸಂಸ್ಕೃತದಲ್ಲಿ ಶರ ಎಂದರೆ ಬಾಣ, ನೀರು ಎಂಬ ಅರ್ಥವೂ ಇದೆ. ಶರಧಿ ಎಂದರೆ ಕಡಲು, ಬತ್ತಳಿಕೆಯೂ ಹೌದು. ಇತ್ತ ಅಂಬು ಎಂಬುದು ಸಂಸ್ಕೃತದಲ್ಲಿ ನೀರು, ಕನ್ನಡದಲ್ಲಿ ಬಾಣ! ಶರಧಿ, ಅಂಬುಧಿ ಎರಡರಲ್ಲೂ ಒಂದು ಕಣ್ಣಿಗೆ ನೀರು, ಇನ್ನೊಂದು ಕಣ್ಣಿಗೆ ಬಾಣ. ಇದನ್ನು ನನಗೆ ಯಾರೂ ಹೇಳಿಕೊಟ್ಟದ್ದಲ್ಲ. ಭಾರತ ವಾಚನ ಕೇಳುತ್ತ ಕುಳಿತಾಗ ತಲೆಗೆ ಹೊಳೆದದ್ದು. ಇದಕ್ಕೆ ಒಂದು ಪ್ಲೇಟ್ ಮಿರ್ಚಿಯಾದರೂ ಬರಬೇಡವೇ?

ನಿವೃತ್ತ ಮಾಸ್ತರ, ಧಾರವಾಡ · ಬೆಳಿಗ್ಗೆ 8.26

ಬರಬೇಕು. ನಾಲ್ವತ್ತು ವರ್ಷ ಕನ್ನಡ ಕಲಿಸಿದ ನನಗೆ ಹೊಳೆದಿರಲಿಲ್ಲ.

ಉಣಕಲ್ ದಂಡೆ · ಬೆಳಿಗ್ಗೆ 8.40

ಇನ್ನು ಭಾವನವರು ಒಂದು ತಿಂಗಳು ನೆಲದ ಮೇಲೆ ನಡೆಯುವುದಿಲ್ಲ. ಮಾಸ್ತರರೇ, ನೀವು ಹೀಗೆ ಮಾಡಬಾರದಿತ್ತು.

ನೀರಾವರಿ ನಿವೃತ್ತ · ಬೆಳಿಗ್ಗೆ 10.05

ಅಜ್ಜಿಯ ಪ್ರಶ್ನೆಯನ್ನು ಎಲ್ಲರೂ ಮರೆತಿರಿ. ಅದೇ ಮುಖ್ಯವಾದದ್ದು ಎಂದು ನನ್ನ ಅನಿಸಿಕೆ.

ನಮ್ಮ ಬಯಲುಸೀಮೆಯವರು ಸಮುದ್ರವನ್ನು ನೋಡಿಲ್ಲ ಎಂದವರು ಯಾರು? ನಾವು ಕಟ್ಟಿಕೊಂಡಿದ್ದೇವೆ. ಹಳೇಬೀಡಿಗೆ ದೋರಸಮುದ್ರ ಎಂಬ ಹೆಸರು ಬಂದದ್ದು ಕೆರೆಯಿಂದ. ಹಂಪಿಯ ಹತ್ತಿರ ಬುಕ್ಕಸಾಗರ ಇದೆ. ಚನ್ನಗಿರಿಯ ಸೂಳೆಕೆರೆ ಶಾಂತಿಸಾಗರ. ಕೃಷ್ಣರಾಜಸಾಗರ, ಮಾರಿಕಣಿವೆಯ ವಾಣಿವಿಲಾಸ ಸಾಗರ, ನಾರಾಯಣಪುರದ ಬಸವಸಾಗರ. ಹುಬ್ಬಳ್ಳಿ ಧಾರವಾಡದವರು ಕುಡಿಯುವ ನೀರು ಬರುವುದು ಸವದತ್ತಿಯ ಬಳಿ ಮಲಪ್ರಭೆಗೆ ಕಟ್ಟಿದ ರೇಣುಕಾ ಸಾಗರದಿಂದ. ನಲ್ಲಿ ತಿರುಗಿಸಿದರೆ ಸಾಗರವೇ ಬರುತ್ತದೆ, ಯಾವ ದಿನ ಬರುತ್ತದೆ ಎಂಬುದು ಬೇರೆ ವಿಷಯ.

ಪುರಾಣವೂ ನಮ್ಮ ಕಡೆಗೇ ಇದೆ. ಸಗರ ರಾಜನ ಅರವತ್ತು ಸಾವಿರ ಮಕ್ಕಳು ಯಜ್ಞದ ಕುದುರೆ ಹುಡುಕುತ್ತ ಅಗೆದ ಗುಂಡಿಗೆ ನೀರು ತುಂಬಿ ಸಾಗರವಾಯಿತು. ಅಂದರೆ ಸಾಗರ ಎಂಬುದೇ ಮನುಷ್ಯರು ಅಗೆದ ಕೆರೆ. ಗುದ್ದಲಿ, ಬುಟ್ಟಿ ಹಿಡಿದವರ ಮಾತು ಅದು. ಮೂವತ್ತು ವರ್ಷ ಕಾಲುವೆ ಕೆಲಸ ಮಾಡಿದವನು ನಾನು, ಆ ಅರವತ್ತು ಸಾವಿರ ಮಂದಿಯ ಮಸ್ಟರ್ ರೋಲ್ ಯಾರು ಬರೆದರು ಎಂದು ಯೋಚಿಸಿ ನಗುತ್ತಿದ್ದೆ.

ಇನ್ನೊಂದು ವಿಷಯ ಮಗಳಿಗೆ ಹೇಳಿ. ಧಾರವಾಡ ಇರುವುದೇ ನೀರು ಇಬ್ಭಾಗವಾಗುವ ಏಣಿನ ಮೇಲೆ. ಸೋಮೇಶ್ವರದ ಹತ್ತಿರ ಹುಟ್ಟುವ ಶಾಲ್ಮಲೆ ಬೇಡ್ತಿಯನ್ನು ಸೇರಿ, ಮುಂದೆ ಗಂಗಾವಳಿ ಎಂಬ ಹೆಸರಿನಲ್ಲಿ ಗೋಕರ್ಣದ ಉತ್ತರಕ್ಕೆ ಪಡುಗಡಲಿಗೆ ಬೀಳುತ್ತದೆ. ಊರಿನ ಪೂರ್ವಕ್ಕೆ ಬಿದ್ದ ಮಳೆ ಹಳ್ಳ ಹಿಡಿದು ಮಲಪ್ರಭೆ, ಕೃಷ್ಣೆಯರ ಜೊತೆ ಬಂಗಾಳ ಕೊಲ್ಲಿಗೆ ಹೋಗುತ್ತದೆ. ಅವಳು ಗೋಕರ್ಣದಲ್ಲಿ ಕಾಲಿಟ್ಟ ನೀರಿನಲ್ಲಿ ಧಾರವಾಡದ ಮಳೆಯೂ ಇತ್ತು.

ರಾಣೆಬೆನ್ನೂರಿನಿಂದ ರಾಟರ್‌ಡ್ಯಾಮಿಗೆ · ಮಧ್ಯಾಹ್ನ 1.40

ನೀರಾವರಿ ಸಾಹೇಬರ ಮಾತಿಗೆ ಇಲ್ಲಿಂದ ಒಂದು ಉಲ್ಟಾ ಉದಾಹರಣೆ.

ನೆದರ್‌ಲೆಂಡ್ಸ್‌ನಲ್ಲಿ ಸಮುದ್ರಕ್ಕೆ ಝೇ ಎನ್ನುತ್ತಾರೆ, ಕೆರೆ ಸರೋವರಕ್ಕೆ ಮೇರ್. ಗಡಿ ದಾಟಿ ಜರ್ಮನಿಗೆ ಹೋದರೆ ಮೇರ್ ಎಂದರೆ ಸಮುದ್ರ, ಝೇ ಎಂದರೆ ಸರೋವರ. ಅದೇ ಎರಡು ಮಾತು, ಅದಲುಬದಲು. ಜರ್ಮನ್ನರು ಇನ್ನೂ ಒಂದು ಗಂಟು ಹಾಕಿದ್ದಾರೆ: ಝೇ ಪುಲ್ಲಿಂಗವಾದರೆ ಸರೋವರ, ಸ್ತ್ರೀಲಿಂಗವಾದರೆ ಸಮುದ್ರ. ಮೊದಲ ವರ್ಷ ಆ ಭಾಷೆಯ ತರಗತಿಯಲ್ಲಿ ನಾನು ರಜೆಗೆ ಸಮುದ್ರಕ್ಕೆ ಹೋಗಿದ್ದೆ ಎಂದು ಬರೆಯಲು ಹೋಗಿ ಕೆರೆಗೆ ಹೋಗಿದ್ದೆ ಎಂದು ಬರೆದೆ.

ಈಗ ಉಲ್ಟಾ ಉದಾಹರಣೆ. ಇಲ್ಲಿ ಝಾಯ್ಡರ್ ಝೇ ಎಂಬ ಕೊಲ್ಲಿ ಇತ್ತು, ಎಂದರೆ ದಕ್ಷಿಣ ಸಮುದ್ರ. 1932ರಲ್ಲಿ ಅದರ ಬಾಯಿಗೆ ಮೂವತ್ತು ಕಿಲೋಮೀಟರಿಗೂ ಉದ್ದದ ಒಡ್ಡು ಕಟ್ಟಿ ಮುಚ್ಚಿದರು. ನೀರು ನಿಧಾನವಾಗಿ ಸಿಹಿಯಾಯಿತು, ಹೆಸರೂ ಬದಲಾಗಿ ಐಸೆಲ್‌ಮೇರ್ ಆಯಿತು. ಒಡ್ಡು ಬಿದ್ದ ಕೂಡಲೇ ಸಮುದ್ರ ಕೆರೆಯಾಯಿತು. ನಮ್ಮಲ್ಲಿ ಒಡ್ಡು ಬಿದ್ದ ಕೂಡಲೇ ಹೊಳೆ ಸಾಗರವಾಗುತ್ತದೆ.

ಮಿರ್ಚಿ ಭಜಿ · ಮಧ್ಯಾಹ್ನ 1.44

ಅವರಿಗೆ ನೀರು ಹೆಚ್ಚಾಗಿ ಸಾಕಾಗಿದೆ, ನಮಗೆ ಸಿಕ್ಕಷ್ಟೇ ಸಾಗರ.

ಬ್ಯಾಡಗಿ ಕಡ್ಡಿ · ಮಧ್ಯಾಹ್ನ 2.10

ಸಾಗರ ಎಂದರೆ ಪತ್ರಿಕೆಯವರ ಮೇಲೆ ನನಗೊಂದು ಸಿಟ್ಟಿದೆ. ಪ್ರತಿ ಜಾತ್ರೆಗೂ "ಹರಿದು ಬಂದ ಜನಸಾಗರ". ಸಾಗರ ಎಲ್ಲಿಗೆ ಹರಿದು ಬರುತ್ತದೆ? ಹರಿಯುವುದು ಹೊಳೆ. ಸಾಗರ ಹರಿದು ಬಂದರೆ ಅದು ಸುನಾಮಿ.

ನೀರಾವರಿ ನಿವೃತ್ತ · ಮಧ್ಯಾಹ್ನ 2.25

ನಮ್ಮ ಕಡೆಯ ಸಾಗರಗಳು ಗೇಟ್ ಎತ್ತಿದರೆ ಹರಿಯುತ್ತವೆ. ಪತ್ರಿಕೆಯವರನ್ನು ಬಿಟ್ಟುಬಿಡಿ.

ಮುಂಡಗೋಡ ರಸ್ತೆ · ಸಂಜೆ 5.30

ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಒಂದೂವರೆ ತಾಸಿನ ದಾರಿಯಲ್ಲಿ ಇನ್ನೊಂದು ಸಮುದ್ರ ಇದೆ, ಯಾರಿಗೂ ಹೊಳೆಯಲಿಲ್ಲ. ಮುಂಡಗೋಡದ ಟಿಬೆಟನ್ ಕ್ಯಾಂಪ್.

ದಲೈ ಲಾಮಾ ಎಂಬುದರಲ್ಲಿ ದಲೈ ಎಂಬುದು ಮಂಗೋಲ್ ಮಾತು, ಅರ್ಥ ಸಮುದ್ರ. 1578ರಲ್ಲಿ ಮಂಗೋಲರ ಅಲ್ತಾನ್ ಖಾನ್ ಸೋನಮ್ ಗ್ಯಾತ್ಸೋ ಎಂಬ ಗುರುವಿಗೆ ಈ ಬಿರುದು ಕೊಟ್ಟ. ಗ್ಯಾತ್ಸೋ ಎಂದರೆ ಟಿಬೆಟನ್ನಿನಲ್ಲಿ ಸಮುದ್ರ. ಖಾನ್ ಅದನ್ನೇ ತನ್ನ ಭಾಷೆಗೆ ತಿರುಗಿಸಿದ. ಈಗಿನವರ ಹೆಸರೂ ತೆನ್‌ಜಿನ್ ಗ್ಯಾತ್ಸೋ. ಕೊಟ್ಟವನ ಹುಲ್ಲುಗಾವಲಿಗೂ ಪಡೆದವನ ಹಿಮದ ನೆಲಕ್ಕೂ ಸಮುದ್ರ ಎಷ್ಟು ದೂರ ಎಂದು ನಕ್ಷೆ ತೆಗೆದು ನೋಡಿ. ಅಜ್ಜಿಯ ಸಾರಿನ ಸಮುದ್ರ ಇದರ ಮುಂದೆ ಏನೂ ಅಲ್ಲ.

ನಾನು ಕ್ಯಾಂಪಿನಲ್ಲಿ ಸ್ವೆಟರ್ ಕೊಳ್ಳಲು ಹೋದಾಗ ಅಂಗಡಿಯ ಅಜ್ಜಿಯನ್ನು ಇದೇ ಕೇಳಿದ್ದೆ, ಸಮುದ್ರ ನೋಡಿದ್ದೀರಾ ಎಂದು. "ಗೋಕರ್ಣದಲ್ಲಿ ಒಂದು ಸಲ. ಬಹಳ ಸದ್ದು" ಎಂದರು.

ಕಾರವಾರದ ಮಗಳು, ಹುಬ್ಬಳ್ಳಿಯ ಸೊಸೆ · ಸಂಜೆ 5.41

ಆ ಸದ್ದು ಇಲ್ಲದೆ ನನಗೆ ಆರು ತಿಂಗಳು ನಿದ್ದೆ ಬಂದಿರಲಿಲ್ಲ.

ಮೂರುಸಾವಿರ · ಸಂಜೆ 6.15

ಮುನ್ನೀರು ಎಂಬ ಮಾತನ್ನು ಯಾರೂ ಎತ್ತಲಿಲ್ಲ. ಅಚ್ಚಗನ್ನಡದ ಹೆಸರು ಅದು. ಮೂರು ನೀರು ಸೇರಿದ್ದು: ಹೊಳೆಯ ನೀರು, ಮಳೆಯ ನೀರು, ಊಟೆಯ ನೀರು.

ವೀರನಾರಾಯಣ ಗುಡಿ ಓಣಿ · ಸಂಜೆ 6.22

ತಪ್ಪು. ಮುನ್ ಎಂದರೆ ಮೊದಲು. ಭೂಮಿಗೂ ಮುಂಚೆ ಇದ್ದ ನೀರು ಮುನ್ನೀರು. ಮುನ್ನುಡಿ ಎಂದರೆ ಮೂರು ನುಡಿಯೇ?

ಮೂರುಸಾವಿರ · ಸಂಜೆ 6.24

ಮುನ್ನೂರು ಎಂದರೆ ಮೊದಲ ನೂರೇ?

ಉಣಕಲ್ ದಂಡೆ · ಸಂಜೆ 6.25

ಭಾವನವರಿಗೆ ಸರಿಯಾದ ಜೋಡಿ ಸಿಕ್ಕಿತು.

ನಿವೃತ್ತ ಮಾಸ್ತರ, ಧಾರವಾಡ · ಸಂಜೆ 7.05

ವ್ಯಾಕರಣ ಇಬ್ಬರಿಗೂ ಬಾಗಿಲು ತೆರೆದಿದೆ. ತಮಿಳಿನಲ್ಲೂ ಮುನ್ನೀರ್ ಇದೆ, ಅಲ್ಲಿನ ಹಳೆಯ ವ್ಯಾಖ್ಯಾನಕಾರರೂ ಇದೇ ಜಗಳ ಆಡಿದ್ದಾರೆ. ಮೂರುಸಾವಿರ ಅವರು ಹೇಳಿದ ಹೊಳೆ, ಮಳೆ, ಊಟೆಗಳ ಲೆಕ್ಕವೂ ಅಲ್ಲಿದೆ. ನೀವು ಹೊಸದೇನೂ ಮಾಡುತ್ತಿಲ್ಲ, ಜಗಳವನ್ನು ಮುಂದುವರಿಸುತ್ತಿದ್ದೀರಿ.

ಇಂಥ ಹೊತ್ತಿನಲ್ಲಿ ಕಿಟ್ಟೆಲ್ ಸಾಹೇಬರು ನೆನಪಾಗುತ್ತಾರೆ. ಜರ್ಮನಿಯಿಂದ ಹಡಗು ಹತ್ತಿ 1853ರಲ್ಲಿ ಬಂದವರು ಮೊದಲು ನೆಲೆ ನಿಂತದ್ದು ನಮ್ಮ ಧಾರವಾಡದಲ್ಲಿ. ನಿಘಂಟು ಅಚ್ಚಾದದ್ದು 1894ರಲ್ಲಿ, ಮಂಗಳೂರಿನಲ್ಲಿ. ಒಂದು ಮಾತಿಗೆ ಎರಡು ದಾರಿ ಕಂಡರೆ ಎರಡನ್ನೂ ಬರೆದು ಪಕ್ಕಕ್ಕೆ ಪ್ರಶ್ನೆ ಚಿಹ್ನೆ ಹಾಕುವುದಕ್ಕೆ ಅಂಥವರು ನಾಚುತ್ತಿರಲಿಲ್ಲ. ನಮಗೇ ನಾಚಿಕೆ.

ಕಪ್ಪತಗುಡ್ಡದ ಬುಡ · ರಾತ್ರಿ 8.30

ನಾನು ಓದಿದವನಲ್ಲ, ಹೊಲದವನು. ಕಡಲು ಎಂದಾಗಲೆಲ್ಲ ನನಗೆ ಕಡಲೆಯೇ ನೆನಪಾಗುತ್ತದೆ. ಶಾಲೆಯಲ್ಲಿ "ಕಡಲ ತೀರ" ಎಂದು ಬರೆಯುವಲ್ಲಿ "ಕಡಲೆ ತೀರ" ಎಂದು ಬರೆದು ಏಟು ತಿಂದಿದ್ದೆ.

ಆದರೆ ಒಂದು ಹೇಳುತ್ತೇನೆ. ಹಿಂಗಾರಿನಲ್ಲಿ, ಚಳಿ ಬಿದ್ದ ಮೇಲೆ, ಬೆಳಗಿನ ಜಾವ ಕಡಲೆಯ ಹೊಲದಲ್ಲಿ ನಡೆದರೆ ಎಲೆಯ ಮೇಲಿನ ಇಬ್ಬನಿ ಕಾಲಿಗೆ ಹತ್ತಿ ಉರಿಯುತ್ತದೆ. ನಮ್ಮ ಅವ್ವ ಬಿಳಿಯ ಪಂಜೆಯನ್ನು ಗಿಡಗಳ ಮೇಲೆ ಹಾಸಿ, ತೊಯ್ದ ಮೇಲೆ ಹಿಂಡಿ ಬಾಟಲಿಯಲ್ಲಿ ತುಂಬಿಡುತ್ತಿದ್ದಳು. ಹುಳಿ ಎಂದು ಹೆಸರು, ಹೊಟ್ಟೆನೋವಿಗೆ ಔಷಧ. ಹುಳಿಯ ಜೊತೆ ಉಪ್ಪು ಉಪ್ಪು ಇರುತ್ತದೆ. ದೊಡ್ಡವನಾದ ಮೇಲೆ ಕಡಲಿಗೆ ಹೋಗಿ ಬಾಯಿಗೆ ನೀರು ಬಿದ್ದಾಗ, ಇದರ ರುಚಿ ಎಲ್ಲಿಯೋ ನೋಡಿದ್ದೇನಲ್ಲ ಎನಿಸಿತು.

ಉಣಕಲ್ ದಂಡೆ · ರಾತ್ರಿ 8.36

ಅಣ್ಣಾ, ಇಡೀ ಚರ್ಚೆಯಲ್ಲಿ ಮಗಳಿಗೆ ಓದಿ ಹೇಳಿದ್ದು ಇದೊಂದನ್ನೇ. ಕಡಲೆ ಗಿಡ ನೋಡಬೇಕು ಎನ್ನುತ್ತಿದ್ದಾಳೆ.

ಕಪ್ಪತಗುಡ್ಡದ ಬುಡ · ರಾತ್ರಿ 8.40

ಡಿಸೆಂಬರಿನಲ್ಲಿ ಕರೆದುಕೊಂಡು ಬನ್ನಿ. ಸುಲಗಾಯಿ ತಿನ್ನಿಸಿ ಕಳುಹಿಸುತ್ತೇನೆ.

ಹತ್ತಿ ಅಡತಿ · ರಾತ್ರಿ 9.00

ಮಾಸ್ತರರ 'ದಾಟುವ ನೀರು' ಎಂಬುದಕ್ಕೆ ನನ್ನ ಮತ. ನಮ್ಮ ಧಾರವಾಡ ಸೀಮೆಯ ಜವಾರಿ ಹತ್ತಿಯನ್ನು ಬ್ರಿಟಿಷರ ಕಾಲದ ಪೇಟೆಯಲ್ಲಿ ಕುಮಟಾ ಹತ್ತಿ ಎಂದು ಮಾರುತ್ತಿದ್ದರು, ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು ಎಂಬ ಕಾರಣಕ್ಕೆ. ಬೆಳೆದವರು ನಾವು, ಹೆಸರು ಕಡಲಿನದು. ಆಗ ಎತ್ತಿನ ಗಾಡಿ ಘಟ್ಟ ಇಳಿಯುತ್ತಿತ್ತು. ಈಗ ಹುಬ್ಬಳ್ಳಿ–ಅಂಕೋಲಾ ರೈಲು ಬರುತ್ತದೆ ಎಂದು ಕೇಳುತ್ತ ನನ್ನ ಕೂದಲು ಹಣ್ಣಾಯಿತು.

ಮಿರ್ಚಿ ಭಜಿ · ರಾತ್ರಿ 9.02

ರೈಲಿನ ವಿಷಯ ಬಂತು, ಇನ್ನು ಈ ಚರ್ಚೆ ಮುಗಿಯುವುದಿಲ್ಲ.

ಹಳೇ ಹುಬ್ಬಳ್ಳಿ · ರಾತ್ರಿ 9.20

ಘಟ್ಟ ಇಳಿಯುವುದು ಎಂದಾಗ ನೆನಪಾಯಿತು. ಹೀಬ್ರೂ ಭಾಷೆಯಲ್ಲಿ ಯಾಮ್ ಎಂದರೆ ಸಮುದ್ರ, ಪಶ್ಚಿಮ ದಿಕ್ಕಿಗೂ ಅದೇ ಮಾತು. ಅವರಿಗೆ ಸಮುದ್ರ ಇದ್ದದ್ದು ಪಶ್ಚಿಮಕ್ಕೆ. ನಮಗೂ ಪಶ್ಚಿಮಕ್ಕೇ ಇದೆ, ಆದರೆ ನಾವು "ಘಟ್ಟದ ಕೆಳಗೆ" ಎನ್ನುತ್ತೇವೆ. ನಮ್ಮ ಲೆಕ್ಕದಲ್ಲಿ ಸಮುದ್ರ ಪಶ್ಚಿಮದಲ್ಲಿಲ್ಲ, ಕೆಳಗಿದೆ.

ಉಣಕಲ್ ದಂಡೆ · ಬುಧವಾರ, ರಾತ್ರಿ 8.15

ಎಲ್ಲರಿಗೂ ವರದಿ. ಇಬ್ಬರೂ ಸೋತದ್ದರಿಂದ ಅರ್ಧರ್ಧ ದುಡ್ಡು ಹಾಕಿ ನಿನ್ನೆ ಸಂಜೆ ಗಿರ್ಮಿಟ್ ಮುಗಿಸಿದೆವು. ಭಾವನವರು ಅಂಬುಧಿಯ ಲೆಕ್ಕದಲ್ಲಿ ಎರಡು ಮಿರ್ಚಿ ಹೆಚ್ಚಿಗೆ ತಿಂದರು. ಮಾಸ್ತರರ ಪ್ಲೇಟ್ ಬಾಕಿ ಇದೆ, ಧಾರವಾಡದಿಂದ ಬಂದಾಗ ಫೋನ್ ಮಾಡಲಿ.

ಆದರೆ ಹೊಸ ತಾಪತ್ರಯ. ಇವತ್ತು ಶಾಲೆಯಲ್ಲಿ ಸಮುದ್ರಕ್ಕೆ ಸಮಾನಾರ್ಥಕ ಪದಗಳನ್ನು ಬರೆಯಲು ಹೇಳಿದ್ದರಂತೆ. ಎಲ್ಲರೂ ಮೂರು ಬರೆದರೆ ಇವಳು ಏಳು ಬರೆದಿದ್ದಾಳೆ: ಕಡಲು, ಸಾಗರ, ಮುನ್ನೀರು, ಶರಧಿ, ಅಂಬುಧಿ, ನೀರಧಿ, ದರ್ಯಾ. ಕೊನೆಯದಕ್ಕೆ ಕೆಂಪು ಗೀಟು ಎಳೆದು "ಇದು ಕನ್ನಡವಲ್ಲ" ಎಂದು ಬರೆದು ಕಳುಹಿಸಿದ್ದಾರೆ. ಬೇಸರ ಮಾಡಿಕೊಂಡು ಕುಳಿತಿದ್ದಾಳೆ.

ನಿವೃತ್ತ ಮಾಸ್ತರ, ಧಾರವಾಡ · ರಾತ್ರಿ 8.31

ಸಮುದ್ರ, ಸಾಗರಗಳೂ ಒಂದು ಕಾಲಕ್ಕೆ ಕನ್ನಡವಾಗಿರಲಿಲ್ಲ. ನೋಟ್‌ಬುಕ್ ನನ್ನ ಬಳಿ ತನ್ನಿ, ಗೀಟಿನ ಪಕ್ಕದಲ್ಲಿ ಒಂದು ಪ್ರಶ್ನೆ ಚಿಹ್ನೆ ಹಾಕಿ ಸಹಿ ಮಾಡಿಕೊಡುತ್ತೇನೆ.

ಕಾರವಾರದ ಮಗಳು, ಹುಬ್ಬಳ್ಳಿಯ ಸೊಸೆ · ರಾತ್ರಿ 8.44

ಆ ಶಿಕ್ಷಕರನ್ನು ರಜೆಗೆ ನಮ್ಮ ತವರಿಗೆ ಕರೆದುಕೊಂಡು ಬನ್ನಿ. ಮಗಳನ್ನೂ ಕರೆತನ್ನಿ. ಮೀನಿನ ಊಟ ನನ್ನ ಖರ್ಚು. ಮಾರುವ ಹೆಂಗಸರ ಹತ್ತಿರ ಶರಧಿ ಎಲ್ಲಿದೆ ಎಂದು ಅವರು ಕೇಳಲಿ, ದರ್ಯಾ ಎಲ್ಲಿದೆ ಎಂದು ಹುಡುಗಿ ಕೇಳಲಿ.